ಮಗುಚಿದ ಕಣ್ಣುರೆಪ್ಪೆ

ಅಕ್ಕರೆಯಿಂದ ಕಾಪಾಡುವವರನ್ನು ಕುರಿತು ‘ರೆಪ್ಪೆ ಕಣ್ಣನ್ನು ಕಾಯುವಂತೆ’ ಎನ್ನುವುದು ನಮ್ಮ ವಾಡಿಕೆ. ಆದರೆ ಕಾಯಬೇಕಾದ ರೆಪ್ಪೆಯೇ ಕಣ್ಣಿಗೆ ವಿಮುಖವಾದರೆ? ಕಣ್ಣಿನಲ್ಲಿ ಕಸ ಸೇರಿ ಅಥವಾ ಹುಣ್ಣಾಗಿ, ನೋವು ತಾಳಲಾರದೆ ಮಗುವೊಂದು ಕಣ್ಣನ್ನು ಬಿಗಿಯಾಗಿ ಹಿಂಡಿಕೊಂಡು ಅಳುವಾಗ, ಕೆಲವೊಮ್ಮೆ ರೆಪ್ಪೆಯು ತಟ್ಟನೆ ಹೊರಕ್ಕೆ ಮಗುಚಿ ಒಳಗಿನ ಕೆಂಪು ಪೊರೆ ಕಾಣಿಸಿಕೊಳ್ಳುವುದುಂಟು. ಮನೆಯವರು ಗಾಬರಿಗೊಳ್ಳುವುದು ಸಹಜ. ವೈದ್ಯರು ಇದನ್ನು ಸ್ನಾಯುಸೆಳೆತದ ‘ಎಕ್ಟ್ರೋಪಿಯನ್’ ಎನ್ನುತ್ತಾರೆ. ಕಣ್ಣನ್ನು ಮುಚ್ಚಬೇಕಾದ ಸ್ನಾಯುವೇ ರೆಪ್ಪೆಯನ್ನು ಹೊರಕ್ಕೆ ತಿರುಗಿಸುವುದೆಂತು ಎಂಬುದನ್ನು ವಿಚಾರಿಸೋಣ.

ರೆಪ್ಪೆ ಕೇವಲ ಚರ್ಮದ ಮಡಿಕೆಯಲ್ಲ. ಅದರೊಳಗೆ ಸುಮಾರು 1 ಮಿಲಿಮೀಟರು ದಪ್ಪದ, ಗಟ್ಟಿಯಾದ ನಾರಿನ ಪಟ್ಟಿಯೊಂದಿದೆ. ಮೇಲಿನ ರೆಪ್ಪೆಯಲ್ಲಿ ಇದರ ಎತ್ತರ ಸುಮಾರು 10 ಮಿಲಿಮೀಟರು, ಕೆಳಗಿನದರಲ್ಲಿ 4. ಈ ಪಟ್ಟಿಗಳ ಮುಂದೆ, ಕಣ್ಣಿನ ಸುತ್ತಲೂ ಉಂಗುರದಂತೆ ಹರಡಿರುವ ವರ್ತುಲಸ್ನಾಯುವಿದೆ. ಎಲೆಯಡಿಕೆ ಸಂಚಿಯ ದಾರವನ್ನೆಳೆದರೆ ಬಾಯಿ ಮುಚ್ಚಿಕೊಳ್ಳುವಂತೆ, ಈ ಸ್ನಾಯು ಕುಗ್ಗಿದಾಗ ರೆಪ್ಪೆಗಳು ಕೂಡಿಕೊಳ್ಳುತ್ತವೆ. ಸಾಮಾನ್ಯವಾಗಿ ನಾವು ನಿಮಿಷಕ್ಕೆ ಸುಮಾರು ಹದಿನೈದು ಸಲ, ನಮಗರಿವಿಲ್ಲದೆಯೇ, ಹೀಗೆ ಎವೆಯಿಕ್ಕುತ್ತೇವೆ.

ಇನ್ನು ಮಗುಚುವ ಬಗೆ. ಒಂದು ಚೆಂಡನ್ನು ಮೇಜಿನ ಮೇಲೆ ಹಿಡಿದು, ಹಳೆಯ ಲಗ್ನಪತ್ರಿಕೆಯ ತುಂಡೊಂದನ್ನು ಅದರ ಪಕ್ಕಕ್ಕೆ ನೇರವಾಗಿ ನಿಲ್ಲಿಸಿರಿ. ತುಂಡಿನ ನಡುಭಾಗ ಚೆಂಡಿನ ಉಬ್ಬನ್ನು ತಾಕುತ್ತಿರಲಿ. ಈಗ ತುಂಡಿನ ಕೆಳಅಂಚನ್ನು ಬೆರಳಿನಿಂದ ಒಳಕ್ಕೆ ಒತ್ತಿರಿ. ಮೇಲಿನ ಅಂಚು ಚೆಂಡನ್ನು ಬಿಟ್ಟು ಹೊರಕ್ಕೆ ವಾಲುವುದನ್ನು ಕಾಣುವಿರಿ. ಇದು ಸನ್ನೆಕೋಲಿನ ತತ್ತ್ವವೇ ಹೊರತು ಬೇರೆಯಲ್ಲ. ಉಬ್ಬು ಆಧಾರಬಿಂದು, ತುಂಡು ಸನ್ನೆ. ಚೆಂಡಿನ ಬದಲು ಕಣ್ಣುಗುಡ್ಡೆಯನ್ನೂ, ಕಾಗದದ ಬದಲು ಕೆಳರೆಪ್ಪೆಯ ಪಟ್ಟಿಯನ್ನೂ, ಬೆರಳಿನ ಬದಲು ಸ್ನಾಯುವಿನ ಹೊರ ಎಳೆಗಳನ್ನೂ ಭಾವಿಸಿಕೊಂಡರೆ ವಿಷಯ ಸ್ಪಷ್ಟವಾಗುವುದು. ಎಳೆಗಳು ಪಟ್ಟಿಯ ದೂರದ ಅಂಚನ್ನು ಒತ್ತುತ್ತವೆ. ರೋಮಗಳಿರುವ ಅಂಚು ಹೊರಳುತ್ತದೆ. ಮೇಲಿನ ರೆಪ್ಪೆಯಲ್ಲಿ ಇದೇ ಕ್ರಿಯೆ ತಲೆಕೆಳಗಾಗಿ ನಡೆಯುತ್ತದೆ. ಮಕ್ಕಳಲ್ಲಿಯೂ, ಕಣ್ಣುಗುಡ್ಡೆ ಮುಂದಕ್ಕೆ ಚಾಚಿದವರಲ್ಲಿಯೂ ಆಧಾರ ಬಲವಾಗಿರುವುದರಿಂದ ಇದಕ್ಕೆ ಹೆಚ್ಚು ಅವಕಾಶ. ಮುಪ್ಪಿನಲ್ಲಾದರೋ ಕಣ್ಣು ಗುಳಿಬಿದ್ದು ಆಧಾರ ಕುಂದಿರುತ್ತದೆ, ರೆಪ್ಪೆ ಸಡಿಲವಾಗಿರುತ್ತದೆ. ಆಗ ಅದೇ ಸೆಳೆತ ರೆಪ್ಪೆಯನ್ನು ಸಾಮಾನ್ಯವಾಗಿ ಒಳಕ್ಕೆ ಮಡಿಸುತ್ತದೆ. ಬಲವೊಂದೇ, ಆಧಾರ ಬೇರೆಯಾದುದರಿಂದ ಫಲ ಬೇರೆ.

ಹೊರಳಿದ ರೆಪ್ಪೆ ತಾನಾಗಿ ಹಿಂದಿರುಗದಿರಲು ಕಾರಣವುಂಟು. ಗಾಳಿಗೊಡ್ಡಿದ ಒಳಪೊರೆ ಕೆರಳಿ ಬಾತುಕೊಳ್ಳುತ್ತದೆ. ಬಾವು ರೆಪ್ಪೆಯನ್ನು ಮತ್ತಷ್ಟು ಹೊರಕ್ಕೆ ನೂಕುತ್ತದೆ. ಉರಿ ಹೆಚ್ಚಿ ಸೆಳೆತವೂ ಹೆಚ್ಚುತ್ತದೆ. ಕಣ್ಣೀರು ಮೂಗಿಗಿಳಿಯುವ ಕಿರುರಂಧ್ರಗಳು ರೆಪ್ಪೆಯಂಚಿನಲ್ಲಿ, ಮೂಗಿನ ಕಡೆಗೆ ಇವೆ. ಕೆಳರೆಪ್ಪೆ ಹೊರಳಿದಾಗ ಅಲ್ಲಿನ ರಂಧ್ರ ಕಣ್ಣನ್ನು ಬಿಟ್ಟು ಸರಿಯುವುದರಿಂದ ನೀರು ಕೆನ್ನೆಗಿಳಿಯುತ್ತದೆ. ವಿಚಿತ್ರವೆಂದರೆ, ಇಷ್ಟು ನೀರು ಸುರಿದರೂ ಕಣ್ಣು ಒಣಗುತ್ತದೆ! ನೀರನ್ನು ತೆಳುಪದರವಾಗಿ ಹರಡುವ ರೆಪ್ಪೆಯೇ ಅಲ್ಲಿಲ್ಲವಷ್ಟೆ. ಹೀಗೆ ಬಹುಕಾಲ ಬಿಟ್ಟರೆ ಕಾರ್ನಿಯಾ ಹುಣ್ಣಾಗಿ ದೃಷ್ಟಿಗೇ ಅಪಾಯ.

ಆದುದರಿಂದ ಕಣ್ಣನ್ನು ಉಜ್ಜಬಾರದು. ಕೆನ್ನೆಯ ಕಡೆಗೆ ಎಳೆದು ಒರೆಸಲೂಬಾರದು. ಸೊಪ್ಪಿನ ರಸ, ಎದೆಹಾಲು, ಹರಳೆಣ್ಣೆಗಳನ್ನು ಕಣ್ಣಿಗೆ ಬಿಡುವ ಹಳೆಯ ರೂಢಿ ಸೋಂಕನ್ನು ಕರೆತರಬಹುದು. ಕಣ್ಣಿನ ವೈದ್ಯರಲ್ಲಿಗೆ ಆ ದಿನವೇ ಹೋಗತಕ್ಕದ್ದು. ಅವರು ಕೆರಳಿಕೆಯ ಮೂಲವನ್ನು ಹುಡುಕಿ ನೀಗಿಸಿ, ರೆಪ್ಪೆಯನ್ನು ಸ್ವಸ್ಥಾನಕ್ಕೆ ತಂದು, ಅಗತ್ಯವಾದರೆ ಕಟ್ಟು ಹಾಕುತ್ತಾರೆ. ಮೂಲ ಹೋದರೆ ಸೆಳೆತವೂ ಸಾಮಾನ್ಯವಾಗಿ ಹೋಗುತ್ತದೆ. ಬಿಡದೆ ಕಾಡುವ ರೆಪ್ಪೆಸೆಳೆತಕ್ಕೆ ಬೊಟುಲಿನಮ್ ವಿಷವನ್ನು ಅತ್ಯಲ್ಪ ಪ್ರಮಾಣದಲ್ಲಿ ಚುಚ್ಚುವ ಚಿಕಿತ್ಸೆಯೂ ಇದೆ. ಇದಕ್ಕೆ 1989ರಲ್ಲಿ ಅಮೆರಿಕದಲ್ಲಿ ಮಾನ್ಯತೆ ದೊರೆಯಿತು. ಮುಪ್ಪಿನ ಸಡಿಲಿಕೆ, ಮುಖದ ನರದ ಪಾರ್ಶ್ವವಾಯು, ಸುಟ್ಟಗಾಯದ ಕಲೆ ಇವುಗಳಿಂದಲೂ ರೆಪ್ಪೆ ಹೊರಳುವುದುಂಟು. ಅವುಗಳಿಗೆ ಅನೇಕ ವೇಳೆ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ.

ಬಲಗಣ್ಣು ಅದುರಿದರೆ ಶುಭವೋ ಎಡಗಣ್ಣು ಅದುರಿದರೆ ಶುಭವೋ ಎಂದು ನಾವು ಚರ್ಚಿಸುವುದುಂಟು. ಆ ಅದುರುವಿಕೆ ಬಹುಮಟ್ಟಿಗೆ ದಣಿವಿನದು, ನಿರುಪದ್ರವಿ; ರೆಪ್ಪೆಯನ್ನು ಮಗುಚುವಷ್ಟು ಬಲ ಅದಕ್ಕಿಲ್ಲ. ಆದರೆ ಅಳುವ ಮಗುವಿನ ರೆಪ್ಪೆ ಮಗುಚಿದ್ದು ಕಂಡರೆ ಶಕುನ ಕೇಳುತ್ತ ಕುಳಿತಿರದೆ, ಆ ಕಣ್ಣಿನೊಳಗೆ ಏನು ನೋಯುತ್ತಿದೆಯೆಂಬುದನ್ನು ಮೊದಲು ತಿಳಿಯಬೇಕು.