ಗಪ್ಪಿಯಲ್ಲಿ ಗಂಡು ಯಾವುದು, ಹೆಣ್ಣು ಯಾವುದು?

ನರಗುಂದದ ಕಡೆ ನಳದ ನೀರು ಬಂದ ದಿನ ತೊಟ್ಟಿ, ಬ್ಯಾರಲ್ ತುಂಬಿಸಿಟ್ಟುಕೊಳ್ಳುವುದು ರೂಢಿ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆ ಇಡುವುದೂ ಇಂಥ ನೀರಲ್ಲೇ. ಸುಮಾರು ವಾರ, ಹತ್ತು ದಿನಕ್ಕೆ ಹುಳು ಸೊಳ್ಳೆಯಾಗಿ ಹಾರಿಬಿಡುತ್ತದೆ. ಅದನ್ನು ನೀರಲ್ಲಿದ್ದಾಗಲೇ ತಿನ್ನುವ ಗಪ್ಪಿ ಮೀನನ್ನು ಆರೋಗ್ಯ ಇಲಾಖೆ ಬಹುಕಾಲದಿಂದ ಬಳಸುತ್ತಿದೆ. ಕೋಲಾರ ಜಿಲ್ಲೆಯ ಹಳ್ಳಿಗಳಲ್ಲಿ 1990ರ ದಶಕದಲ್ಲಿ ಬಾವಿಗಳಿಗೆ ಇಂಥ ಮೀನು ಬಿಟ್ಟು ಮಲೇರಿಯಾ ತಗ್ಗಿಸಿದ್ದರು.

ಅಂಗಡಿಗೆ ಹೋದವರು ಬಣ್ಣ ನೋಡಿ ಆರಿಸುತ್ತಾರೆ. ಚೆಂದದವೆಲ್ಲ ಬಹುತೇಕ ಗಂಡು. ಬರೀ ಗಂಡು ತಂದು ಬಿಟ್ಟರೆ ಅವು ಇರುವಷ್ಟು ದಿನ ಹುಳು ತಿಂದು ಸಾಯುತ್ತವೆ, ತೊಟ್ಟಿಯಲ್ಲಿ ಮತ್ತೆ ಹುಳು ಕಾಣುತ್ತದೆ. ಸಂತಾನ ಮುಂದುವರಿಯಬೇಕಾದರೆ ಗಂಡು ಹೆಣ್ಣು ಗುರುತಿಸಲೇಬೇಕು.

ಬಣ್ಣವನ್ನು ನಂಬಬೇಡಿ. ಎಳೆಯ ಗಂಡಿಗೆ ಬಣ್ಣ ಇನ್ನೂ ಬಂದಿರುವುದಿಲ್ಲ, ಸಾಕಿದ ತಳಿಗಳಲ್ಲಿ ಹೆಣ್ಣಿನ ಬಾಲಕ್ಕೂ ಬಣ್ಣವಿರುತ್ತದೆ. ನೋಡಬೇಕಾದ ಜಾಗ ಹೊಟ್ಟೆಯ ಕೆಳಗೆ, ಬಾಲದ ಕಡೆಗಿರುವ ಒಂಟಿ ರೆಕ್ಕೆ. ಮೀನನ್ನು ಗಾಜಿನ ಬಾಟಲಿಗೆ ಹಾಕಿ, ಬೆಳಕಿಗೆ ಹಿಡಿದು, ಅದು ಪಕ್ಕಕ್ಕೆ ತಿರುಗುವವರೆಗೆ ಕಾಯಿರಿ. ಹೆಣ್ಣಿನಲ್ಲಿ ಆ ರೆಕ್ಕೆ ಬೀಸಣಿಗೆಯಂತೆ ತ್ರಿಕೋನವಾಗಿ ಹರಡಿರುತ್ತದೆ. ಗಂಡಿನಲ್ಲಿ ಅದು ಸಣ್ಣ ಕಡ್ಡಿಯಾಗಿ ಹಿಂದಕ್ಕೆ ಚಾಚಿರುತ್ತದೆ. ಹುಟ್ಟುವಾಗ ಎರಡರದೂ ಒಂದೇ ತೆರ. ಗಂಡು ಬಲಿಯುತ್ತ ಬಂದಂತೆ ಆ ರೆಕ್ಕೆಯ ಮುಂಭಾಗದ ಕೆಲವು ಎಳೆಗಳು ಉದ್ದವಾಗಿ ಗೊನೊಪೋಡಿಯಂ ಎಂಬ ಕೂಡುವ ಅಂಗವಾಗುತ್ತವೆ. ಹೆಣ್ಣಿಗೆ ಇನ್ನೊಂದು ಗುರುತು ಆ ರೆಕ್ಕೆಯ ಬುಡದ ಹತ್ತಿರ ಹೊಟ್ಟೆಯ ಮೇಲಿನ ಕಪ್ಪು ಕಲೆ. ಬಸಿರು ತುಂಬಿದಂತೆ ಅದು ಗಾಢವಾಗುತ್ತದೆ. ಮೈಗಾತ್ರವೂ ಸಹಾಯಕ್ಕೆ ಬರುತ್ತದೆ: ಬಲಿತ ಗಂಡು ಸುಮಾರು 3 ಸೆಂ.ಮೀ., ಹೆಣ್ಣು 5-6 ಸೆಂ.ಮೀ.ವರೆಗೆ.

ಗಪ್ಪಿ ಮೊಟ್ಟೆ ಇಡುವುದಿಲ್ಲ, ಮರಿ ಹಾಕುತ್ತದೆ, ಮೂರು-ನಾಲ್ಕು ವಾರಕ್ಕೊಮ್ಮೆ. ಒಮ್ಮೆ ಕೂಡಿದ ಹೆಣ್ಣು ವೀರ್ಯವನ್ನು ತಿಂಗಳುಗಟ್ಟಲೆ ಮೈಯಲ್ಲೇ ಕಾಪಿಟ್ಟುಕೊಂಡು, ಗಂಡಿಲ್ಲದೆಯೂ ಮತ್ತೆ ಮತ್ತೆ ಮರಿ ಹಾಕಬಲ್ಲದು. ಇದು ನನಗೆ ಈ ಪುಟ್ಟ ಜೀವಿಯ ಅತಿ ದೊಡ್ಡ ಸೋಜಿಗ. ಹಾಗಾಗಿ ಯಾವುದು ಯಾವುದೆಂದು ತಿಳಿಯದೆ ಗೊಂದಲವಾದರೆ ದಪ್ಪ ಹೊಟ್ಟೆಯ ಮಾಸಲು ಮೀನನ್ನೇ ಆರಿಸಿ. ಗಂಡು ಒಂದಕ್ಕೆ ಹೆಣ್ಣು ಎರಡೋ ಮೂರೋ ಇರಲಿ. ಗಂಡು ಹೆಚ್ಚಾದರೆ ಬಿಡದೆ ಬೆನ್ನಟ್ಟಿ ಹೆಣ್ಣನ್ನು ದಣಿಸುತ್ತವೆ. ತಾಯಿಯೇ ಮರಿ ತಿನ್ನುವುದುಂಟು, ಅದಕ್ಕೆ ಅಡಗಲು ಒಂದಿಷ್ಟು ನೀರುಗಿಡ ಬೇಕು.

ಮೋಲಿ, ಸ್ವೋರ್ಡ್‌ಟೇಲ್ ಮೀನುಗಳಿಗೂ ಇದೇ ರೆಕ್ಕೆಯ ಪರೀಕ್ಷೆ ಸಾಕು. ಗೋಲ್ಡ್ ಫಿಶ್‌ನಲ್ಲಿ ಬೆದೆಯ ಕಾಲಕ್ಕೆ ಗಂಡಿನ ಕಿವಿರು ಮುಚ್ಚಳದ ಮೇಲೆ ಬಿಳಿ ಚುಕ್ಕೆಯಂಥ ಗುಳ್ಳೆ ಏಳುತ್ತವೆ. ಏಂಜಲ್ ಮೀನು ಮಾತ್ರ ಕಷ್ಟ, ಮೊಟ್ಟೆ ಇಡುವ ಹೊತ್ತಿಗಲ್ಲದೆ ಖಚಿತವಾಗಿ ಹೇಳಲಾಗದು.

ಕ್ಲೋರಿನ್ ಹಾಕಿದ ನೀರನ್ನು ಒಂದು ದಿನ ತೆರೆದಿಟ್ಟು ಆಮೇಲೆ ಮೀನು ಬಿಡಿ. ಹೆಚ್ಚಾದ ಗಪ್ಪಿಯನ್ನು ಕೆರೆಗೋ, ಮಲಪ್ರಭಾ ಕಾಲುವೆಗೋ, ಬೆಣ್ಣಿಹಳ್ಳಕ್ಕೋ ಚೆಲ್ಲಬೇಡಿ. ದಕ್ಷಿಣ ಅಮೆರಿಕದಿಂದ ಬಂದ ಈ ಮೀನು ನಮ್ಮ ಸಣ್ಣ ಮೀನುಗಳ ಮೇವಿಗೂ ಮರಿಗೂ ಬಾಯಿ ಹಾಕುತ್ತದೆ. ಮಿಕ್ಕಿದ್ದನ್ನು ಪಕ್ಕದ ಮನೆಯ ತೊಟ್ಟಿಗೆ ಕೊಡಿ, ಕೊಡುವಾಗ ಒಂದೆರಡು ಹೆಣ್ಣು ಇವೆಯೇ ನೋಡಿಕೊಳ್ಳಿ.