ಮೆಜೆಸ್ಟಿಕ್‌ಗೆ ಮಾವ ಬರಲಿಲ್ಲ

‘ಮೆಜೆಸ್ಟಿಕ್‌ನಲ್ಲಿ ಮಾವ ಬಂದು ನಿಂತಿರ್ತಾರೆ. ಅವರು ಬರುವವರೆಗೆ ಬಸ್ಸಿಳಿದಲ್ಲೇ ಇರು, ಅತ್ತಿತ್ತ ಹೋಗಬೇಡ.’

ಬೆಂಗಳೂರಿಗೆ ಹೋಗಬೇಕು ಅಂದಾಗಲೆಲ್ಲ ಅಪ್ಪ ಹೇಳುವ ಮಾತಿದು. ನಮ್ಮ ಬೆಳುವಾಯಿಯಿಂದ ಬೆಂಗಳೂರಿಗೆ ಹೋದ ಯಾರನ್ನೇ ಕೇಳಿ, ಮೊದಲ ಸಲ ಮೆಜೆಸ್ಟಿಕ್‌ನಲ್ಲಿ ಯಾರೋ ಒಬ್ಬರು ಕಾದು ನಿಂತೇ ಇರುತ್ತಾರೆ. ಅಣ್ಣ, ಮಾವ, ದೊಡ್ಡಪ್ಪನ ಮಗ, ಯಾರಾದರೂ ಸರಿ. ಹಾಗಾಗಿ ಇಪ್ಪತ್ತು ವರ್ಷವಾಗಿ, ನಾಲ್ಕು ಸಲ ಬೆಂಗಳೂರು ನೋಡಿದ್ದರೂ ನನಗೆ ಗೊತ್ತಿದ್ದ ಬೆಂಗಳೂರು ಅಂದರೆ ಮಾವನ ಸ್ಕೂಟರಿನ ಹಿಂದಿನ ಸೀಟು ಮಾತ್ರ.

ಕಳೆದ ಸೆಪ್ಟೆಂಬರ್‌ನಲ್ಲಿ ಎಲೆಕ್ಟ್ರಾನಿಕ್ ಸಿಟಿಯ ಕಂಪನಿಯೊಂದರಿಂದ ಇಂಟರ್ನ್‌ಶಿಪ್ ಸಂದರ್ಶನಕ್ಕೆ ಕರೆ ಬಂತು. ಶುಕ್ರವಾರ ಬೆಳಿಗ್ಗೆ ಹತ್ತೂವರೆಗೆ. ಮಾವನ ಮನೆ ಯಲಹಂಕದ ಕಡೆ. ನಕ್ಷೆ ತೆಗೆದು ನೋಡಿದರೆ ಒಂದು ಊರಿನ ಈ ತುದಿ, ಇನ್ನೊಂದು ಆ ತುದಿ. ನನಗಾಗಿ ಅವರು ಒಂದು ದಿನ ರಜೆ ಹಾಕಬೇಕು. ನಾಳೆ ಅಲ್ಲಿ ಕೆಲಸ ಸಿಕ್ಕಿದರೆ ದಿನಾ ಮಾವ ಬರುತ್ತಾರಾ ಎಂದು ಅಪ್ಪನನ್ನು ಕೇಳಿದೆ. ಅಪ್ಪನ ಹತ್ತಿರ ಉತ್ತರ ಇರಲಿಲ್ಲ. ಬಸ್ಸು, ರೈಲು ಬದಲಿಸಿದಾಗಲೆಲ್ಲ ಫೋನ್ ಮಾಡಬೇಕು ಎಂಬ ಷರತ್ತಿನ ಮೇಲೆ ಒಪ್ಪಿಗೆ ಸಿಕ್ಕಿತು.

ಮೂಡುಬಿದಿರೆ ಮತ್ತು ಕಾರ್ಕಳದ ನಡುವೆ ಹೆದ್ದಾರಿಗೆ ತಾಗಿಕೊಂಡಿರುವ ನಮ್ಮೂರು ಹೊರಗಿನವರಿಗೆ ಗೊತ್ತಿದ್ದರೆ ಅದು ಚಿಟ್ಟೆ ಪಾರ್ಕಿನಿಂದ. ನಮಗೆ ಓಡಾಟ ಅಂದರೆ ಖಾಸಗಿ ಬಸ್ಸು. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದಾಗ ರಾಜ್ಯದ ಮಹಿಳೆಯರೆಲ್ಲ ಸರ್ಕಾರಿ ಬಸ್ಸಿನಲ್ಲಿ ಉಚಿತವಾಗಿ ಓಡಾಡತೊಡಗಿದರು. ಕರಾವಳಿಯ ನಾವು ಟಿವಿಯಲ್ಲಿ ನೋಡಿದೆವು. ಏಕೆಂದರೆ ಇಲ್ಲಿ ಹೆಚ್ಚಿನ ಕಡೆ ಓಡುವುದು ಖಾಸಗಿ ಬಸ್ಸುಗಳೇ. ನಾನು ಲೆಕ್ಕ ಹಾಕಿ ಧರ್ಮಸ್ಥಳದ ಮೂಲಕ ಹೋಗಲು ನಿರ್ಧರಿಸಿದೆ. ಬೆಳುವಾಯಿಯಿಂದ ಮೂಡುಬಿದಿರೆ, ಅಲ್ಲಿಂದ ವೇಣೂರು ಮೇಲಾಗಿ ಗುರುವಾಯನಕೆರೆ, ಇಷ್ಟಕ್ಕೆ ಖಾಸಗಿ ಬಸ್ಸಿಗೆ ಪೂರ್ತಿ ಹಣ. ಧರ್ಮಸ್ಥಳದಿಂದ ಬೆಂಗಳೂರಿಗೆ, ಸುಮಾರು 300 ಕಿಲೋಮೀಟರ್, ಆಧಾರ್ ತೋರಿಸಿದರೆ ಕೆಂಪು ಬಸ್ಸಿನಲ್ಲಿ ಶೂನ್ಯ ರೂಪಾಯಿಯ ಟಿಕೆಟ್. ಇಡೀ ಪ್ರಯಾಣದ ಖರ್ಚು ಮುಗಿದದ್ದು ಗುರುವಾಯನಕೆರೆಯ ಆಚೆ ಈಚೆಯೇ!

ಶಿರಾಡಿ ಘಾಟಿಯಲ್ಲಿ ನಿದ್ದೆ ಬರಲಿಲ್ಲ, ನೆಲಮಂಗಲದಲ್ಲಿ ಎಚ್ಚರ ಇರಲಿಲ್ಲ. ಕಣ್ಣು ಬಿಟ್ಟರೆ ಮೆಜೆಸ್ಟಿಕ್.

ನಮ್ಮ ಕಡೆ ಬಸ್ಸಿನ ವ್ಯವಸ್ಥೆಯೆಲ್ಲ ಕಂಡಕ್ಟರನ ಬಾಯಲ್ಲಿರುತ್ತದೆ. ಬೋರ್ಡ್ ಓದುವವರು ಯಾರು? ಬಸ್ಸು ನಿಲ್ಲುವ ಮೊದಲೇ ಅವನೇ ಕೂಗುತ್ತಾನೆ, ‘ಓಡೆಗ್?’ ಎಂದು ಅವನೇ ಕೇಳುತ್ತಾನೆ, ಕೈಯಲ್ಲಿದ್ದ ಬ್ಯಾಗನ್ನೂ ಅವನೇ ಎಳೆದು ಒಳಗೆ ಇಡುತ್ತಾನೆ. ಇಳಿಯುವ ಜಾಗ ಮರೆತರೂ ಅವನಿಗೆ ನೆನಪಿರುತ್ತದೆ. ಮೆಜೆಸ್ಟಿಕ್‌ನಲ್ಲಿ ಯಾರೂ ಏನೂ ಕೇಳುವುದಿಲ್ಲ. ಸಾವಿರಾರು ಜನ ನನ್ನನ್ನು ಕಂಬವೆಂಬಂತೆ ಸುತ್ತಿ ಹೋಗುತ್ತಿದ್ದರು. ಒಬ್ಬ ಹಿರಿಯರನ್ನು ನಿಲ್ಲಿಸಿ ‘ಮೆಟ್ರೊಗೆ ಹೋಗುವ ದಾರಿ ಎಲ್ಲಿ ಉಂಟು?’ ಎಂದು ಕೇಳಿದೆ. ‘ಮಂಗ್ಳೂರಾ?’ ಎಂದು ನಕ್ಕು, ದಾರಿ ತೋರಿಸಿದರು. ‘ಉಂಟು’ ಎಂಬ ಒಂದು ಪದ ನಮ್ಮ ವಿಳಾಸವನ್ನೇ ಹೇಳಿಬಿಡುತ್ತದೆ.

ನಾಡಪ್ರಭು ಕೆಂಪೇಗೌಡ ನಿಲ್ದಾಣದಲ್ಲಿ ನೇರಳೆ ಮತ್ತು ಹಸಿರು ಮಾರ್ಗಗಳು ಸೇರುತ್ತವೆ. ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ನೇರಳೆ, ಮಾದಾವರದಿಂದ ರೇಷ್ಮೆ ಸಂಸ್ಥೆವರೆಗೆ ಹಸಿರು. ಬೆಂಗಳೂರಿನಲ್ಲಿ ಮೆಟ್ರೊ ಮೊದಲು ಓಡಿದ್ದು 2011ರ ಅಕ್ಟೋಬರ್ 20ರಂದು, ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ. ಆಗ ನಾನು ಅಂಗನವಾಡಿಗೆ ಹೋಗುವವಳು. ಕೆಳಗಿಳಿದು ಟೋಕನ್ ಕೊಂಡು ನಿಂತಾಗ ಅರ್ಥವಾದದ್ದು ಇಷ್ಟು: ಇಲ್ಲಿ ನಾವು ಹೋಗಬೇಕಾದ ಊರಿನ ಹೆಸರು ಗೊತ್ತಿದ್ದರೆ ಸಾಲದು, ಆ ದಿಕ್ಕಿನ ಕೊನೆಯ ನಿಲ್ದಾಣದ ಹೆಸರು ಗೊತ್ತಿರಬೇಕು. ‘ರೇಷ್ಮೆ ಸಂಸ್ಥೆ ಕಡೆಗೆ’ ಎಂದು ಬರೆದ ಪ್ಲಾಟ್‌ಫಾರಂ ಹಿಡಿದರೆ ಜಯನಗರ, ‘ಮಾದಾವರ ಕಡೆಗೆ’ ಹಿಡಿದರೆ ಬಂದ ದಾರಿಗೇ ವಾಪಸ್. ನಾನು ಎರಡು ಸಲ ಓದಿಕೊಂಡೆ.

ರೈಲು ಹೊರಟ ಮೇಲೆ ಕನ್ನಡದಲ್ಲಿ ಮುಂದಿನ ನಿಲ್ದಾಣದ ಹೆಸರು ಕೇಳಿಸಿತು. ಆ ದನಿ ಎಲ್ಲಿಯೋ ಕೇಳಿದ್ದು. ನಮ್ಮ ಮೆಟ್ರೊದ ಕನ್ನಡ ಘೋಷಣೆಗಳಿಗೆ ದನಿ ಕೊಟ್ಟವರು ನಿರೂಪಕಿ ಅಪರ್ಣಾ. 2024ರ ಜುಲೈನಲ್ಲಿ ಅವರು ತೀರಿಕೊಂಡರು. ಚಿಕ್ಕಪೇಟೆ, ಕೃಷ್ಣರಾಜೇಂದ್ರ ಮಾರುಕಟ್ಟೆ ಎಂದು ಒಂದೊಂದೇ ಹೆಸರನ್ನು ಅಷ್ಟು ಸ್ಪಷ್ಟವಾಗಿ ಉಚ್ಚರಿಸುವುದನ್ನು ಕೇಳುತ್ತಾ, ಊರಿನ ಕಂಡಕ್ಟರನ ಜಾಗದಲ್ಲಿ ಇಲ್ಲಿ ಈ ದನಿ ಇದೆ ಅನ್ನಿಸಿತು. ನ್ಯಾಷನಲ್ ಕಾಲೇಜು ಬರುವಷ್ಟರಲ್ಲಿ ರೈಲು ನೆಲದಡಿಯಿಂದ ಮೇಲೆ ಬಂದು ಮರಗಳ ಎತ್ತರದಲ್ಲಿ ಓಡತೊಡಗಿತು. ಅಪ್ಪನಿಗೆ ಮೊದಲ ಫೋನ್ ಮಾಡಿದೆ.

ಆರ್.ವಿ. ರಸ್ತೆ ನಿಲ್ದಾಣದಲ್ಲಿ ಇಳಿದು ಹಳದಿ ಮಾರ್ಗಕ್ಕೆ ಬದಲಿಸಬೇಕು. ಬೊಮ್ಮಸಂದ್ರದವರೆಗೆ 19.15 ಕಿಲೋಮೀಟರ್, 16 ನಿಲ್ದಾಣ. 2025ರ ಆಗಸ್ಟ್ 10ರಂದು ಪ್ರಧಾನಿ ಉದ್ಘಾಟಿಸಿದ ಮಾರ್ಗ. ಆರಂಭದಲ್ಲಿ ಇದ್ದದ್ದು ಮೂರೇ ರೈಲು, 25 ನಿಮಿಷಕ್ಕೊಂದು. ನಾನು ಹೋಗುವಾಗ ಸ್ವಲ್ಪ ಸುಧಾರಿಸಿತ್ತು, ಆದರೂ ಪ್ಲಾಟ್‌ಫಾರಂ ತುಂಬ ಕೊರಳಿಗೆ ಐಡಿ ಕಾರ್ಡ್ ಹಾಕಿದವರು. ರೈಲು ಯಾಕೆ ಇಷ್ಟು ಕಡಿಮೆ ಎಂಬುದಕ್ಕೆ ಒಂದು ಕಥೆಯಿದೆ, ನನಗೆ ಈ ಮಾರ್ಗದ ಮೇಲೆ ಆಸಕ್ತಿ ಹುಟ್ಟಿದ್ದೂ ಅದರಿಂದಲೇ.

ಬೋಗಿಗಳ ಗುತ್ತಿಗೆ ಸಿಕ್ಕಿದ್ದು 2019ರಲ್ಲಿ ಚೀನಾದ ಸಿಆರ್‌ಆರ್‌ಸಿ ಕಂಪನಿಯ ನಾನ್‌ಜಿಂಗ್ ಘಟಕಕ್ಕೆ, ಒಟ್ಟು 216 ಬೋಗಿ. ಹೆಚ್ಚಿನವನ್ನು ಭಾರತದಲ್ಲೇ ಮಾಡಬೇಕಿತ್ತು. ಮರುವರ್ಷ ಕೊರೊನಾ, ಗಾಲ್ವಾನ್ ಘರ್ಷಣೆ. ಕಾರ್ಖಾನೆ ಆಗಲಿಲ್ಲ, ಎಂಜಿನಿಯರುಗಳಿಗೆ ವೀಸಾ ಸಿಗುವುದೂ ತಡವಾಯಿತು. ಕೊನೆಗೆ ಕೋಲ್ಕತ್ತದ ಬಳಿಯ ತಿತಾಗಢ ಕಂಪನಿ ಜೊತೆಗೂಡಿತು. ಮೊದಲ ರೈಲು ಚೀನಾದಿಂದ ಹಡಗಿನಲ್ಲಿ ಚೆನ್ನೈ ಬಂದರಿಗೆ, ಅಲ್ಲಿಂದ ಟ್ರೇಲರ್‌ಗಳಲ್ಲಿ ಹೆಬ್ಬಗೋಡಿ ಡಿಪೊಗೆ ಬಂದದ್ದು 2024ರ ಫೆಬ್ರುವರಿಯಲ್ಲಿ. ಹಳಿ, ನಿಲ್ದಾಣ ಸಿದ್ಧವಿದ್ದು ರೈಲಿಗಾಗಿ ಕಾದ ಮಾರ್ಗ ಇದು. ಗಡಿಯಲ್ಲಿ ನಡೆದ ಜಗಳ ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಸಿಕ್ಕಿಬಿದ್ದ ಸ್ಕೂಟರ್ ಸವಾರನನ್ನು ತಟ್ಟುವುದು ಹೀಗೆ.

ಈ ರೈಲುಗಳು ಚಾಲಕನಿಲ್ಲದೆ ಓಡುವ ತಂತ್ರಜ್ಞಾನದವು, ನಾನು ಹೋದಾಗ ಮುಂದೆ ಚಾಲಕರು ಇದ್ದರು ಎಂಬುದು ಬೇರೆ. ಪ್ರತಿ ರೈಲೂ ತಾನೆಲ್ಲಿದ್ದೇನೆ, ಎಷ್ಟು ವೇಗದಲ್ಲಿದ್ದೇನೆ ಎಂದು ರೇಡಿಯೊ ಮೂಲಕ ನಿರಂತರ ಹೇಳುತ್ತಿರುತ್ತದೆ, ಹಿಂದಿನ ರೈಲಿನ ವೇಗ ಅದಕ್ಕೆ ಹೊಂದಿಕೊಳ್ಳುತ್ತದೆ. ಮೂಡುಬಿದಿರೆ ಬಸ್‌ಸ್ಟ್ಯಾಂಡಿನ ಟೈಮಿಂಗ್ ಜಗಳ ನೋಡಿದವರಿಗೆ ಇದು ಸುಲಭವಾಗಿ ಅರ್ಥವಾದೀತು. ಮುಂದಿನ ಬಸ್ಸು ಎರಡು ನಿಮಿಷ ತಡ ಮಾಡಿದರೆ ಹಿಂದಿನವನು ಹಾರ್ನ್ ಹೊಡೆದು ಓವರ್‌ಟೇಕ್ ಮಾಡುತ್ತಾನೆ. ಇಲ್ಲಿ ಓವರ್‌ಟೇಕ್ ಮಾಡಲು ಹಳಿಯೇ ಇಲ್ಲ.

ರಾಗಿಗುಡ್ಡದಿಂದ ಸಿಲ್ಕ್ ಬೋರ್ಡ್‌ವರೆಗೆ ಡಬಲ್ ಡೆಕ್ಕರ್ ಸೇತುವೆ. ಕೆಳಗೆ ರಸ್ತೆ, ಅದರ ಮೇಲೆ ಫ್ಲೈಓವರ್, ಅದಕ್ಕೂ ಮೇಲೆ ನಮ್ಮ ರೈಲು. ಮೀಮ್‌ಗಳಲ್ಲಿ ನೋಡಿದ್ದ ಸಿಲ್ಕ್ ಬೋರ್ಡ್ ಟ್ರಾಫಿಕ್ಕನ್ನು ಮೇಲಿನಿಂದ ಕಣ್ಣಾರೆ ನೋಡಿದೆ. ಬೊಂಬಾಯಿ ಪ್ರವಾಸಿಗರು ಗೇಟ್‌ವೇ ನೋಡುವ ಹಾಗೆ.

ಎಲೆಕ್ಟ್ರಾನಿಕ್ ಸಿಟಿ ನಿಲ್ದಾಣಕ್ಕೆ ಒಂಬತ್ತೂಕಾಲಿಗೇ ತಲುಪಿದೆ. ಇಲ್ಲಿಯವರೆಗೆ ಎಲ್ಲ ಸರಿ. ಆದರೆ ನಿಲ್ದಾಣದ ಯಾವ ದ್ವಾರದಿಂದ ಹೊರಬರಬೇಕು ಎಂದು ನೋಡಿಕೊಂಡಿರಲಿಲ್ಲ. ಜನ ಹೋದ ಕಡೆ ಹೋದೆ. ಹೊರಬಂದು ಬಹಳ ದೂರ ನಡೆದ ಮೇಲೆ ಮೊಬೈಲಿನ ನೀಲಿ ಚುಕ್ಕೆ ತಪ್ಪು ದಿಕ್ಕಿನಲ್ಲಿ ಸಾಗುತ್ತಿದೆ ಎಂದು ತಿಳಿಯಿತು. ನಡುವೆ ಹೊಸೂರು ರಸ್ತೆ. ಮೇಲೆ ಎಕ್ಸ್‌ಪ್ರೆಸ್‌ವೇ, ಕೆಳಗೆ ಲಾರಿ. ವಾಪಸ್ ಬಂದು, ಆಚೆ ದಾಟಿ, ಆಟೋದವರು ಹೇಳಿದ ಬೆಲೆಗೆ ಹೆದರಿ, ಮತ್ತೆ ನಡೆದೆ. 300 ಕಿಲೋಮೀಟರ್ ಬಂದವಳಿಗೆ ಕೊನೆಯ ಒಂದೂವರೆ ಕಿಲೋಮೀಟರ್ ಸುಮಾರು ಒಂದು ಗಂಟೆ ತೆಗೆದುಕೊಂಡಿತು. ಬೆವರು ಒರೆಸಿಕೊಳ್ಳುತ್ತಾ ಒಳಗೆ ಹೋದಾಗ ಹತ್ತೂವರೆಗೆ ಎಂಟು ನಿಮಿಷ ಬಾಕಿ. ಕೆಲಸ ಹುಡುಕಿಕೊಂಡು ಹೋಗುವ ಗೆಳೆಯ ಗೆಳತಿಯರೇ, ನಿಲ್ದಾಣದ ಹೆಸರಿನ ಜೊತೆ ದ್ವಾರದ ಹೆಸರನ್ನೂ ಬರೆದುಕೊಳ್ಳಿ.

ನನ್ನ ಸಂಬಂಧಿಯೊಬ್ಬರು ಕಂಪನಿ ಕೆಲಸದ ಮೇಲೆ ಶಾಂಘೈಗೆ ಹೋಗಿ ಬಂದವರು. ಅವರೂ ಇದನ್ನೇ ಹೇಳಿದರು. ಅಲ್ಲಿ ಮೆಟ್ರೊ ಶುರುವಾದದ್ದು 1993ರಲ್ಲಿ, ನಮಗಿಂತ 18 ವರ್ಷ ಮೊದಲು. ಈಗ ಜಾಲ 800 ಕಿಲೋಮೀಟರ್ ದಾಟಿದೆ. ಭಾಷೆ ಒಂದಕ್ಷರ ಬಾರದಿದ್ದರೂ ಅವರು ಓಡಾಡಿದ್ದು ಸಂಖ್ಯೆಗಳಿಂದ. ಮಾರ್ಗಕ್ಕೊಂದು ಸಂಖ್ಯೆ, ಬಣ್ಣ, ಪ್ರತಿ ದ್ವಾರಕ್ಕೂ ಒಂದು ಸಂಖ್ಯೆ. ‘ಎರಡನೇ ಮಾರ್ಗ, ಆರನೇ ದ್ವಾರ’ ಎಂದರೆ ಮುಗಿಯಿತು. ಬದಲಿಗೆ ಅಲ್ಲಿ ಫೋನ್ ಇಲ್ಲದೆ ಕಷ್ಟ. ಗೂಗಲ್ ನಕ್ಷೆ ಅಲ್ಲಿ ನೆಚ್ಚಿಕೊಳ್ಳುವಂಥದ್ದಲ್ಲ, ಹಣ ಕೊಡುವುದು ಅಲಿಪೇ ಅಥವಾ ವೀಚಾಟ್‌ನಲ್ಲಿ. 2023ರಿಂದ ವಿದೇಶಿ ಕಾರ್ಡನ್ನೂ ಅದಕ್ಕೆ ಸುಲಭವಾಗಿ ಜೋಡಿಸಬಹುದಂತೆ.

ದರದ ಲೆಕ್ಕ ಕೇಳಿದಾಗ ನನಗೆ ಕುತೂಹಲವಾಯಿತು. ಶಾಂಘೈಯಲ್ಲಿ ಮೊದಲ 6 ಕಿಲೋಮೀಟರಿಗೆ 3 ಯುವಾನ್, ಆಮೇಲೆ ಪ್ರತಿ 10 ಕಿಲೋಮೀಟರಿಗೆ 1 ಯುವಾನ್. ಅಂದರೆ ಹತ್ತಿರದ ಪ್ರಯಾಣಕ್ಕೆ 35-40 ರೂಪಾಯಿ, 26 ಕಿಲೋಮೀಟರಿಗೆ ಸುಮಾರು 60 ರೂಪಾಯಿ. ನಮ್ಮಲ್ಲಿ ಕನಿಷ್ಠ 10 ರೂಪಾಯಿ, ಆದರೆ 2025ರ ಫೆಬ್ರುವರಿಯ ಏರಿಕೆಯ ನಂತರ ಗರಿಷ್ಠ 90. ಮೊದಲು 60 ಇತ್ತು. ಹತ್ತಿರ ಹೋಗುವವರಿಗೆ ಅಗ್ಗ, ದೂರದವರಿಗೆ ದುಬಾರಿ. ಊರ ಹೊರಗಿನ ಪಿ.ಜಿ.ಯಲ್ಲಿ ಇರುವವರು ಯಾರು? ಸಂಬಳ ಕಡಿಮೆ ಇರುವವರು. ನಾನು ರಾತ್ರಿ ಉಳಿದದ್ದು ನಮ್ಮ ಕಾಲೇಜಿನ ಅಕ್ಕನೊಬ್ಬಳ ಪಿ.ಜಿ.ಯಲ್ಲಿ. ಮೆಟ್ರೊ ಅವಳ ಕಿಟಕಿಯಿಂದಲೇ ಕಾಣುತ್ತದೆ. ಆದರೂ ಅವಳು ದಿನಾ ಬಿಎಂಟಿಸಿ ಬಸ್ಸಿನಲ್ಲೇ ಹೋಗುತ್ತಾಳೆ. ‘ಬಸ್ಸಿಗೆ ಆಧಾರ್ ಸಾಕು. ಮೆಟ್ರೊಗೆ ತಿಂಗಳಿಗೆ ಮೂರು ಸಾವಿರ ಬೇಕು. ಒಂದು ಗಂಟೆ ಬೇಗ ಎದ್ದರಾಯಿತು’ ಅಂದಳು. ಹುಡುಗರಿಗಾದರೆ ಸಾಮಾನ್ಯ ಬಸ್ಸಿನ ದಿನದ ಪಾಸ್ 80 ರೂಪಾಯಿ, ಇಡೀ ದಿನ ಎಷ್ಟು ಬೇಕಾದರೂ ಸುತ್ತಬಹುದು.

ಶನಿವಾರ ನಾನು ಪ್ರವಾಸಿ. ಹಸಿರು ಮಾರ್ಗ ಒಂದರಲ್ಲೇ ಹಳೆಯ ಬೆಂಗಳೂರು ಪೂರ್ತಿ ಇದೆ. ಮಾರುಕಟ್ಟೆ ನಿಲ್ದಾಣದಲ್ಲಿ ಇಳಿದರೆ ಹೂವಿನ ರಾಶಿ, ಅಲ್ಲೇ ಪಕ್ಕದಲ್ಲಿ ಟಿಪ್ಪುವಿನ ಬೇಸಿಗೆ ಅರಮನೆ. ಲಾಲ್‌ಬಾಗ್ ನಿಲ್ದಾಣದ ಹತ್ತಿರವೇ ತೋಟದ ಗೇಟು. ಒಳಗಿನ ಬಂಡೆಯ ವಯಸ್ಸು ಸುಮಾರು 300 ಕೋಟಿ ವರ್ಷ. ಅದರ ಮೇಲೆ ಕುಳಿತು ಅಮ್ಮ ಕಟ್ಟಿಕೊಟ್ಟಿದ್ದ ಗೋಳಿಬಜೆ ತಿಂದೆ, ತಣ್ಣಗಾಗಿ ಗಟ್ಟಿಯಾಗಿತ್ತು, ಬಂಡೆಗೆ ತಕ್ಕಂತೆ. ಮಧ್ಯಾಹ್ನ ಮೆಜೆಸ್ಟಿಕ್‌ನಲ್ಲಿ ನೇರಳೆಗೆ ಬದಲಿಸಿ ಕಬ್ಬನ್ ಪಾರ್ಕ್. ಅಲ್ಲಿಂದ ನಡೆದೇ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯ. ಎಂಜಿನಿಯರಿಂಗ್ ಓದುವವರು ಅಲ್ಲಿ ಕನಿಷ್ಠ ಮೂರು ಗಂಟೆ ಇಟ್ಟುಕೊಳ್ಳಿ. ಅಂಗಳದಲ್ಲಿ ನಿಂತಿರುವ ಮಾರುತ್ ಯುದ್ಧವಿಮಾನ ನೋಡಿಯೇ ನನಗೆ ಅರ್ಧ ಗಂಟೆ ಹೋಯಿತು.

ಸಂಜೆ ಫೋನ್ ಸತ್ತಿತು. ಚಿತ್ರ ತೆಗೆದು ತೆಗೆದು ನಾನೇ ಮುಗಿಸಿದ್ದು. ವಾಟ್ಸ್ಆ್ಯಪ್‌ನಲ್ಲಿ ಟಿಕೆಟ್ ತೆಗೆಯುವ ಸೌಲಭ್ಯ 2022ರಿಂದಲೇ ಇದೆ, ಸತ್ತ ಫೋನಿಗೆ ಅದರಿಂದೇನು? ನಕ್ಷೆ ಇಲ್ಲ, ಅಪ್ಪನಿಗೆ ಕರೆ ಇಲ್ಲ. ಎರಡು ನಿಮಿಷ ಹೆದರಿಕೆಯಾದದ್ದು ನಿಜ. ಆಮೇಲೆ ಪರ್ಸಿನಿಂದ ನೋಟು ತೆಗೆದು ಕೌಂಟರಿನಲ್ಲಿ ಟೋಕನ್ ಕೇಳಿದೆ. ‘ಚಲ್ಲಘಟ್ಟ ಕಡೆಗೆ’ ಎಂಬ ಬೋರ್ಡ್ ಕಂಡಿತು. ಮಹಿಳೆಯರ ಬೋಗಿಯಲ್ಲಿ ಪಕ್ಕ ನಿಂತಿದ್ದ ಹುಡುಗಿಯೊಬ್ಬಳು ‘ಧರ್ಮಸ್ಥಳದ ಬಸ್ಸು ಎಲ್ಲಿ ಸಿಗುತ್ತೆ, ಮೆಜೆಸ್ಟಿಕ್‌ನಲ್ಲಿ ಯಾವ ಕಡೆ ಹೋಗಬೇಕು?’ ಎಂದು ನನ್ನನ್ನೇ ಕೇಳಿದಳು. ಅವಳು ಹಾಸನದ ಕಡೆಯವಳು. ನಾನೂ ಅಲ್ಲಿಗೇ, ಬನ್ನಿ ಅಂದೆ.

ಬಸ್ ನಿಲ್ದಾಣದಲ್ಲಿ ಅವಳ ಫೋನಿನಿಂದ ಅಪ್ಪನಿಗೆ ಕರೆ ಮಾಡಿದೆ. ಅಷ್ಟರಲ್ಲಿ ಅವರು ಮಾವನಿಗೆ ನಾಲ್ಕು ಸಲ ಫೋನ್ ಮಾಡಿಯಾಗಿತ್ತು, ಮಾವ ಸ್ಕೂಟರ್ ಹೊರಗೆ ತೆಗೆದಾಗಿತ್ತು.

ಇಂಟರ್ನ್‌ಶಿಪ್ ಸಿಗಲಿಲ್ಲ. ಡಿಸೆಂಬರ್‌ನಲ್ಲಿ ಇನ್ನೊಂದು ಸಂದರ್ಶನಕ್ಕೆ ಅರ್ಜಿ ಹಾಕಿದೆ, ಈ ಸಲ ವೈಟ್‌ಫೀಲ್ಡ್ ಕಡೆ. ಅಪ್ಪ ಮಾವನ ಹೆಸರು ಎತ್ತಲಿಲ್ಲ. ಬೀಡಿ ಕಟ್ಟುತ್ತಾ ಕುಳಿತಿದ್ದ ಅಮ್ಮ ಮಾತ್ರ ಸೂಪಿನಿಂದ ತಲೆಯೆತ್ತಿ, ‘ನನ್ನನ್ನೂ ಕರ್ಕೊಂಡು ಹೋಗ್ತೀಯಾ? ಬಸ್ಸು ಹೇಗೂ ಫ್ರೀ’ ಅಂದಳು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಿದಳು, ‘ಆ ಓಡುವ ಮೆಟ್ಟಿಲು ಹತ್ತಲೇಬೇಕಾ? ಬೇರೆ ದಾರಿ ಇಲ್ವಾ?’

ಲಿಫ್ಟ್ ಉಂಟು ಅಂದೆ.