ಕನ್ನಡವನ್ನು ಗುರುತಿಸದ ದ್ವಾರಪಾಲಕ
(ಬಾನುಲಿ ಭಾಷಣ)

ಸಾಹಿತ್ಯ ಸಂಘವೊಂದು ಕವನ ಸ್ಪರ್ಧೆಯನ್ನು ಏರ್ಪಡಿಸಿ, ಕವನಗಳನ್ನು ಇ-ಮೇಲಿನ ಮೂಲಕ ಕಳುಹಿಸಬೇಕೆಂದು ಪ್ರಕಟಿಸಿತ್ತು. ತೀರ್ಪುಗಾರನಾದ ನನ್ನ ಕೈಸೇರಿದವು ಒಂಬತ್ತೇ ಕವನಗಳು. ಆ ಒಂಬತ್ತು ಪತ್ರಗಳಲ್ಲೂ ವಿಷಯದ ಸಾಲು ಇಂಗ್ಲಿಷ್ ಲಿಪಿಯಲ್ಲಿತ್ತು. "ನಮ್ಮ ಹುಡುಗರಿಗೆ ಕನ್ನಡ ಲಿಪಿಯೂ ಬೇಡವಾಯಿತು" ಎಂದು ಸಂಘದ ಸಭೆಯಲ್ಲಿ ನಿಟ್ಟುಸಿರಿಟ್ಟೆ. ಆ ಮಾತಿಗಾಗಿ ಇಂದಿಗೂ ನಾಚುತ್ತೇನೆ.

ಸಂಘದ ಮೇಲ್ ಸರ್ವರನ್ನು ನೋಡಿಕೊಳ್ಳುವ ತರುಣ ನನ್ನ ಹಳೆಯ ವಿದ್ಯಾರ್ಥಿ. "ಮೇಷ್ಟ್ರೇ, ನಿಯಮ ಸರಿಯಾಗಿಯೇ ಇದೆ, ನೋಡಿ" ಎಂದ. ಪೋಸ್ಟ್‌ಫಿಕ್ಸ್ ಎಂಬ ಆ ತಂತ್ರಾಂಶವು ಪತ್ರದ ಹೆಡರನ್ನು, ಎಂದರೆ ಅದರ ತಲೆಯ ಸಾಲುಗಳನ್ನು, ನಿಯಮಗಳ ಪಟ್ಟಿಯೊಡನೆ ಮೇಲಿನಿಂದ ಕೆಳಕ್ಕೆ ಹೋಲಿಸುತ್ತದೆ. ಒಂದು ಸಾಲಿಗೆ ಮೊದಲು ಹೊಂದಿದ ನಿಯಮವೇ ಅಂತಿಮ. ವಿಷಯದ ಸಾಲಿನಲ್ಲಿ ‘ಕವನ ಸ್ಪರ್ಧೆ’ ಎಂಬುದು ಎರಡರಲ್ಲಿ ಯಾವ ಲಿಪಿಯಲ್ಲಿ ಕಂಡರೂ ಪತ್ರ ನನಗೆ ಬರಬೇಕು. ಉಳಿದವು ತಡೆಹಿಡಿದ ಸರದಿಯಲ್ಲಿ ನಿಲ್ಲಬೇಕು. ಅಲ್ಲಿರುವುದೆಲ್ಲ ಕಸವೆಂಬ ನಂಬಿಕೆಯಿಂದ ಆ ಸರದಿಯನ್ನು ಯಾರೂ ತೆರೆದಿರಲಿಲ್ಲ.

ಗ್ರಂಥಸಂಪಾದನೆಯಲ್ಲಿ ಪಾಠ ಸಂದೇಹಕ್ಕೆ ಎಡೆಗೊಟ್ಟಾಗ ಅಚ್ಚಿನ ಪುಸ್ತಕವನ್ನು ಬದಿಗಿಟ್ಟು ಓಲೆಗರಿಯನ್ನೇ ನೋಡುತ್ತೇವೆ. "ಪರದೆಯ ಮೇಲಿನ ರೂಪ ಬೇಡಪ್ಪಾ, ಸರ್ವರಿಗೆ ಬಂದ ಮೂಲರೂಪವನ್ನು ತೋರಿಸು" ಎಂದೆ. ತೋರಿಸಿದ. ಅಲ್ಲಿ ಕನ್ನಡವೇ ಇರಲಿಲ್ಲ. ಇಂಗ್ಲಿಷ್ ಅಕ್ಷರ, ಅಂಕಿಗಳ ಒಂದು ಸರಮಾಲೆ!

ಕಾರಣ ಸರಳವಾದುದು. ಹೆಡರಿನಲ್ಲಿ ಮೊದಲಿಗೆ ಆಸ್ಕಿ ಚಿಹ್ನೆಗಳಿಗೆ ಮಾತ್ರ ಎಡೆಯಿತ್ತು. ಇತರ ಲಿಪಿಗಳನ್ನು ಆ ಚಿಹ್ನೆಗಳಲ್ಲಿಯೇ ಅಡಗಿಸಿ ಕಳುಹಿಸುವ ಕ್ರಮವನ್ನು 1996ರ ಮಾನಕವೊಂದು ವಿಧಿಸಿದೆ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟುಗಳು. ಬೇಸ್-64 ವಿಧಾನ ಅವನ್ನು 4 ಚಿಹ್ನೆಗಳಾಗಿಸುತ್ತದೆ. ಪದದ ಮುಂದೆ ಒಂದು ತೆರಪು ಸೇರಿದರೂ ಸಾಕು, ಆ ವೇಷವೇ ಬದಲಾಗುತ್ತದೆ. ಆದಕಾರಣ ವೇಷವನ್ನೇ ನಿಯಮದಲ್ಲಿ ಬರೆದಿಟ್ಟರೂ ಪ್ರಯೋಜನವಿಲ್ಲ. ಪೋಸ್ಟ್‌ಫಿಕ್ಸಿನ ಹೆಡರ್ ತಪಾಸಣೆಯಾದರೋ ವೇಷವನ್ನು ಕಳಚಿ ನೋಡುವುದಿಲ್ಲ.

ತರುಣನು ಆ ನಿಯಮವನ್ನು ಅಲ್ಲಿಂದ ತೆಗೆದು, ಪತ್ರವು ಪೆಟ್ಟಿಗೆಯನ್ನು ಸೇರುವ ಹಂತದಲ್ಲಿ ಸೀವ್ ಎಂಬ ಶೋಧಕ ಭಾಷೆಯಲ್ಲಿ ಬರೆದ. ಹೆಡರನ್ನು ಯುಟಿಎಫ್-8ಕ್ಕೆ ತಂದುಕೊಂಡು ಹೋಲಿಸಬೇಕೆಂಬುದು ಆ ಭಾಷೆಯ 2008ರ ಮಾನಕದ ಸೂಚನೆ. ಒಂದು ಕನ್ನಡ ಪತ್ರವನ್ನು ತಾನೇ ಕಳುಹಿಸಿ ಪರೀಕ್ಷಿಸಿದ, ಬಂದಿತು.

ಬಳಿಕ ತಡೆಹಿಡಿದ ಸರದಿಯನ್ನು ಬಿಡಿಸಿದೆವು. ಕಸದ ನಡುವೆ 41 ಕವನಗಳಿದ್ದವು. ವಿಷಯದ ಸಾಲು ಎಲ್ಲದರಲ್ಲೂ ಕನ್ನಡದಲ್ಲಿಯೇ. ಅವನ್ನು ಓದಲು ಒಂದು ವಾರದ ಅವಧಿ ಕೇಳಿದೆ. ಮುಂದಿನ ಸಭೆಯಲ್ಲಿ, ಹಿಂದೆ ನಾನು ಆಡಿದ್ದ ಮಾತನ್ನು ನಡಾವಳಿಯಿಂದ ತೆಗೆದುಹಾಕುವಂತೆಯೂ ಕೇಳಿಕೊಂಡೆ.